ಮಕ್ಕಿಗದ್ದೆಯ ಈರುಳ್ಳಿ: ಟ್ರೈಕೋಡರ್ಮಾ ಹಾಕಿದ ಮಡಿ ಈಗ ಹೇಗಿದೆ?

ತೀರ್ಥಹಳ್ಳಿ ಕಡೆ ಈರುಳ್ಳಿ ಹಾಕಿದ್ದೇನೆ ಅಂದರೆ ಜನ ನಗುತ್ತಾರೆ. ಅದೇನಿದ್ದರೂ ಚಿತ್ರದುರ್ಗ, ಚಳ್ಳಕೆರೆಯ ಬೆಳೆ ಅಲ್ವಾ? ಆದರೂ ಭತ್ತ ಕೊಯ್ದ ಮಕ್ಕಿಗದ್ದೆಯಲ್ಲಿ (ಮಳೆ ನಂಬಿದ ಎತ್ತರದ ಗದ್ದೆ) ಎರಡು ಮಡಿ ಮಾಡಿ ಅರ್ಕಾ ನಿಕೇತನ್ ಅನ್ನೋ ಈರುಳ್ಳಿ ತಳಿ ನಾಟಿ ಮಾಡಿದ್ದೆ. ಒಂದಕ್ಕೆ ಟ್ರೈಕೋಡರ್ಮಾ, ಅಂದರೆ ರೋಗ ತರುವ ಶಿಲೀಂಧ್ರಗಳನ್ನು ತಿನ್ನುವ ಒಂದು ಶಿಲೀಂಧ್ರ; ಇನ್ನೊಂದಕ್ಕೆ ಬರೀ ಗೊಬ್ಬರ. ಅಂಗಡಿಯ ಶಿಲೀಂಧ್ರನಾಶಕ ಎರಡಕ್ಕೂ ಇಲ್ಲ.

ಟ್ರೈಕೋಡರ್ಮಾ ಪುಡಿಯನ್ನು ಸುಮ್ನೆ ಮಣ್ಣಿಗೆ ಎರಚಿದರೆ ಪ್ರಯೋಜನ ಕಡಿಮೆ. ಅದಕ್ಕೂ ಬೆಳೆಯೋಕೆ ಆಹಾರ ಬೇಕು. ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಬೇವಿನ ಹಿಂಡಿ, ಪುಡಿ ಎರಡನ್ನೂ ಬೆರೆಸಿ, ನೀರು ಚಿಮುಕಿಸಿ, ನೆರಳಲ್ಲಿ ಗುಪ್ಪೆ ಹಾಕಿ ಗೋಣಿ ಮುಚ್ಚಿದ್ದೆ. ಎರಡು ವಾರದಲ್ಲಿ ಗುಪ್ಪೆ ತುಂಬ ಹಸಿರು ಬೂಷ್ಟು. ಮನೆಯವರು ಗೊಬ್ಬರ ಹಾಳಾಯ್ತು ಅಂದುಕೊಂಡರು. ನನಗೆ ಬೇಕಾಗಿದ್ದೇ ಅದು. ನಾಟಿಗೆ ಮೊದಲು ಸಸಿಯ ಬೇರನ್ನೂ ಲೀಟರಿಗೆ 10 ಗ್ರಾಂ ಪುಡಿ ಕಲಸಿದ ನೀರಲ್ಲಿ ಅದ್ದಿದ್ದೆ.

ಸಂಕ್ರಾಂತಿ ಕಳೆದ ಮೇಲೆ ವ್ಯತ್ಯಾಸ ಕಾಣಿಸಿತು. ಬರೀ ಗೊಬ್ಬರದ ಮಡಿಯಲ್ಲಿ ಅಲ್ಲಲ್ಲಿ ಎಲೆ ತುದಿಯಿಂದ ಹಳದಿಯಾಗಿ ಒಣಗುತ್ತಿತ್ತು. ಒಂದನ್ನು ಎಳೆದೆ. ತಡೆಯೇ ಇಲ್ಲದೆ ಕೈಗೆ ಬಂತು. ಬೇರು ಗುಲಾಬಿ ಬಣ್ಣಕ್ಕೆ ತಿರುಗಿ ಕೊಳೆತಿತ್ತು, ಗಡ್ಡೆಯ ತಳದಲ್ಲಿ ಹತ್ತಿಯಂಥ ಬಿಳಿ ಬೂಷ್ಟು. ಫ್ಯೂಸೇರಿಯಂ ಎಂಬ ಶಿಲೀಂಧ್ರ ತರುವ ಬುಡಕೊಳೆ. ಇದು ಮಣ್ಣಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಟ್ರೈಕೋಡರ್ಮಾ ಅದರ ಎಳೆಗಳಿಗೆ ಸುತ್ತಿಕೊಂಡು, ಜೀವಕೋಶದ ಗೋಡೆ ಕರಗಿಸಿ ತಿನ್ನುತ್ತದೆ. ಟ್ರೈಕೋಡರ್ಮಾ ಹಾಕಿದ ಮಡಿಯಲ್ಲೂ ಹಳದಿ ಗಿಡ ಇದ್ದವು, ಆದರೆ ಹುಡುಕಬೇಕಿತ್ತು.

ಎಲೆಯ ಕಥೆ ಬೇರೆ. ಮಣ್ಣಿಗೆ ಹಾಕಿದ್ದು ಎಲೆ ಕಾಯಲಿಲ್ಲ. ನೇರಳೆ ಮಚ್ಚೆ ರೋಗ ಎರಡೂ ಮಡಿಗೆ ಬಂತು. ಮೊದಲು ಬಿಳಿ ಚುಕ್ಕೆ, ಆಮೇಲೆ ನಡುವೆ ನೇರಳೆ, ಸುತ್ತ ಹಳದಿ ಅಂಚು, ಕೊನೆಗೆ ಎಲೆ ಅಲ್ಲೇ ಮುರಿದು ಬೀಳುತ್ತದೆ. ಇದನ್ನು ತರುವ ಆಲ್ಟರ್ನೇರಿಯಾ ಶಿಲೀಂಧ್ರಕ್ಕೆ ಎಲೆ ತುಂಬ ಹೊತ್ತು ಒದ್ದೆ ಇದ್ದರೆ ಸಾಕು. ನಮ್ಮ ಇಬ್ಬನಿ ಗೊತ್ತಲ್ಲ, ಹತ್ತು ಗಂಟೆಯಾದರೂ ಆರುವುದಿಲ್ಲ.

ಬೆಳ್ಳುಳ್ಳಿ, ಲಕ್ಕಿ ಸೊಪ್ಪು ಅರೆದು ಸೋಸಿ ಹೊಡೆದೆ. ಬೆಳ್ಳುಳ್ಳಿಯನ್ನು ಜಜ್ಜಿದಾಗಲೇ ಶಿಲೀಂಧ್ರ ತಡೆಯುವ ಆಲಿಸಿನ್ ಎಂಬ ಅಂಶ ಹುಟ್ಟುವುದು, ಕಾಯಿಸಿದರೆ ಹೋಗುತ್ತದೆ. ಹಾಗಾಗಿ ಅವತ್ತಿನದ್ದು ಅವತ್ತೇ. ಈರುಳ್ಳಿ ಎಲೆಗೆ ಮೇಣ ಜಾಸ್ತಿ, ನೀರು ಜಾರಿಬಿಡುತ್ತದೆ. ಅಡಿಕೆಗೆ ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಹೊಡೆಯುವಾಗ ಅಂಟಿ ನಿಲ್ಲಲಿ ಅಂತ ರಾಳ ಸೇರಿಸುತ್ತೇವಲ್ಲ, ಇಲ್ಲಿ ಆ ಕೆಲಸಕ್ಕೆ ಅಂಟುವಾಳದ ನೊರೆ. ಹೊಸ ಎಲೆಗೆ ಮಚ್ಚೆ ಸ್ವಲ್ಪ ಕಡಿಮೆಯಾಯಿತು. ಬಂದ ಮಚ್ಚೆ ಹೋಗಲಿಲ್ಲ. ನನ್ನ ಲೆಕ್ಕದಲ್ಲಿ ಈ ರಸಕ್ಕಿಂತ ಜಾಸ್ತಿ ಉಪಕಾರ ಮಾಡಿದ್ದು ಗಿಡ ದೂರ ದೂರ ನೆಟ್ಟು, ಎಲೆಗೆ ತಾಗದಂತೆ ಕಾಲುವೆಯಲ್ಲಿ ನೀರು ಬಿಟ್ಟಿದ್ದು.

"ಬೋರ್ಡೋ ಹೊಡ್ದು ಬಿಡು ಮಾರಾಯ" ಅಂತ ಪಕ್ಕದ ತೋಟದವರು ಹೇಳುತ್ತಲೇ ಇದ್ದಾರೆ. ಅದರಲ್ಲಿನ ತಾಮ್ರ ಮಣ್ಣಿಗಿಳಿದರೆ ನಾನು ಸಾಕಿದ ಟ್ರೈಕೋಡರ್ಮಾಗೇ ಪೆಟ್ಟು. ಬೇಡ ಅಂದೆ.

ಈಗ ಗಡ್ಡೆ ಬಲಿತು ಗಿಡದ ಕುತ್ತಿಗೆ ಬಾಗಲು ಶುರುವಾಗಿದೆ, ನೀರು ನಿಲ್ಲಿಸಿದ್ದೇನೆ. ಬುಡಕೊಳೆ ಕಿತ್ತ ಮೇಲೂ ಗಡ್ಡೆಯಲ್ಲಿ ಮುಂದುವರಿಯುತ್ತದೆ. ಅದಕ್ಕೆ ಎರಡು ಮಡಿಯ ಗಡ್ಡೆಯನ್ನೂ ಅಟ್ಟದ ಮೇಲೆ ಬೇರೆ ಬೇರೆ ಹರವಿ, ಮಳೆಗಾಲ ಹಿಡಿಯುವ ತನಕ ಕೊಳೆತದ್ದನ್ನು ತೂಗಿ ಬರೆದಿಡುತ್ತೇನೆ. ಮುಂದಿನ ವರ್ಷದ ಈರುಳ್ಳಿ ಬೇರೆ ಗದ್ದೆಗೆ.