ಆ ದ್ವೀಪಕ್ಕೆ ನೀರುಳ್ಳಿ ಹೇಗೆ ಹೋಗುತ್ತದೆ?

ಮದುವೆ ಮನೆಯ ಪಂಕ್ತಿಯಲ್ಲಿ ಕೇಳಿದ್ದಾರೆ, ಬ್ಯಾಂಕಿನ ಸಾಲಿನಲ್ಲಿ ಕೇಳಿದ್ದಾರೆ, ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದಾಗಲೂ ಕೇಳಿದ್ದಾರೆ: "ಮಾರಾಯರೇ, ಕಡಿಮೆ ಖರ್ಚಿನಲ್ಲಿ ಹೋಗಿ ಬರುವಂಥ ದ್ವೀಪ ಯಾವುದು?" ನಾನು ಟ್ರಾವೆಲ್ ಏಜೆಂಟ್ ಅಲ್ಲ. ಮಂಗಳೂರಿನ ಬಂದರಿನಲ್ಲಿ ಒಂದು ಸಗಟು ಅಂಗಡಿಯ ಲೆಕ್ಕ ಬರೆಯುವವನು. ಹೆಂಡತಿಗೆ ಸಮುದ್ರದ ಹುಚ್ಚು, ನನಗೆ ಲೆಕ್ಕದ ಹುಚ್ಚು. ಇವೆರಡೂ ಒಂದೇ ಮನೆಯಲ್ಲಿ ಇರುವುದರಿಂದ ಮೂರು ಕಡೆಯ ದ್ವೀಪಗಳನ್ನು ಸಾಲ ಮಾಡದೆ ನೋಡಿ ಬಂದಿದ್ದೇವೆ. ಈ ಸುದ್ದಿ ಹೇಗೋ ನೆಂಟರಿಷ್ಟರಲ್ಲೆಲ್ಲ ಹರಡಿದೆ.

ಕೇಳಿದವರಿಗೆ ನಾನು ತಿರುಗಿ ಒಂದು ಪ್ರಶ್ನೆ ಹಾಕುತ್ತೇನೆ. ನೀವು ಮನಸ್ಸಿನಲ್ಲಿ ಇಟ್ಟುಕೊಂಡಿರುವ ದ್ವೀಪಕ್ಕೆ ನೀರುಳ್ಳಿ ಹೇಗೆ ಹೋಗುತ್ತದೆ? ಅವರು ನಗುತ್ತಾರೆ. ನಾನು ತಮಾಷೆಗೆ ಕೇಳುವುದಲ್ಲ.

ಹಳೇ ಬಂದರಿನ ದಕ್ಕೆಯಲ್ಲಿ ಲಕ್ಷದ್ವೀಪಕ್ಕೆ ಹೊರಟ ಮಂಜಿಗೆ ಸರಕು ತುಂಬುವುದನ್ನು ನೋಡಿದವರಿಗೆ ನನ್ನ ಮಾತು ಬೇಗ ತಿಳಿಯುತ್ತದೆ. ಮರದ ದೊಡ್ಡ ಹೊಟ್ಟೆಯ ಹಡಗು. ತಳದಲ್ಲಿ ಜಲ್ಲಿ, ಸಿಮೆಂಟ್, ಕಬ್ಬಿಣದ ಸರಳು. ಅದರ ಮೇಲೆ ಅಕ್ಕಿ, ಬಟಾಟೆ, ನೀರುಳ್ಳಿ, ಕುಂಬಳಕಾಯಿ. ಹಮಾಲಿಗಳು ಹಲಗೆಯ ಮೇಲೆ ಹೆಜ್ಜೆ ಎಣಿಸಿದಂತೆ ನಡೆದು ಗೋಣಿ ಇಳಿಸುತ್ತಾರೆ. ಗಾಳಿ ಸರಿಯಿಲ್ಲ ಎಂದು ಹೊರಡುವುದು ಮೂರು ದಿನ ತಡವಾಯಿತೆನ್ನಿ, ನೀರುಳ್ಳಿ ಗೋಣಿಯ ತಳ ಒದ್ದೆಯಾಗಿ ವಾಸನೆ ಹೊಡೆಯುತ್ತದೆ. ಕೊಳೆತ ಗೋಣಿಯ ನಷ್ಟವನ್ನು ಯಾರೂ ಸಮುದ್ರಕ್ಕೆ ಎಸೆಯುವುದಿಲ್ಲ, ಉಳಿದ ಗೋಣಿಗಳ ಬೆಲೆಗೆ ಸೇರಿಸುತ್ತಾರೆ. ದ್ವೀಪದಲ್ಲಿ ನೀವು ತಿನ್ನುವ ಆಮ್ಲೆಟ್‌ನಲ್ಲಿ ಬಂದರಿನ ಹಮಾಲಿ ಕೂಲಿ, ಮಂಜಿಯ ಬಾಡಿಗೆ, ಕೊಳೆತ ನೀರುಳ್ಳಿ, ಮೂರೂ ಇರುತ್ತವೆ.

ಪ್ರವಾಸಿಯೂ ಒಂದು ಲೆಕ್ಕದಲ್ಲಿ ಗೋಣಿಯೇ. ವಿಮಾನದ ಟಿಕೆಟ್ ದರವನ್ನು ಎಲ್ಲರೂ ವಾರಗಟ್ಟಲೆ ಕಾದು ನೋಡುತ್ತಾರೆ. ವಿಮಾನ ಇಳಿದ ಮೇಲೆ ಕೊನೆಯ ಇಪ್ಪತ್ತೋ ಮೂವತ್ತೋ ಕಿಲೋಮೀಟರ್ ನೀರನ್ನು ದಾಟಲು ಏನು ತೆರಬೇಕು ಎಂದು ಯಾರೂ ಕೇಳುವುದಿಲ್ಲ. ಜೇಬು ಹರಿಯುವುದು ಅಲ್ಲೇ. ಊರಿನ ಜನ, ಶಾಲೆಯ ಮಕ್ಕಳು, ಕೋಳಿ, ತರಕಾರಿ ಎಲ್ಲ ಹೋಗುವ ದೋಣಿ ಇದ್ದರೆ ಆ ದ್ವೀಪ ನಮ್ಮಂಥವರಿಗೆ ಎಟಕುತ್ತದೆ. ಪ್ರವಾಸಿಗಳಿಗೆಂದೇ ಬೇರೆ ದೋಣಿ, ಬೇರೆ ವಿಮಾನ ಇರುವ ಕಡೆ ಕೋಣೆ ಪುಕ್ಕಟೆ ಕೊಟ್ಟರೂ ಯೋಚಿಸಬೇಕು.

ನನ್ನ ಬಾವ ಒಬ್ಬ ಮಾಲ್ಡೀವ್ಸ್‌ನ ರೆಸಾರ್ಟ್‌ನಲ್ಲಿ ಅರ್ಧ ಬೆಲೆಗೆ ಕೋಣೆ ಸಿಕ್ಕಿತೆಂದು ಕುಣಿದಿದ್ದ. ಅಲ್ಲಿ ಸುಮಾರು 1,200 ದ್ವೀಪಗಳಿವೆ, ಜನವಸತಿ ಇರುವುದು ಇನ್ನೂರರ ಆಸುಪಾಸಿನಲ್ಲಿ. ರೆಸಾರ್ಟ್ ಎಂದರೆ ಒಂದು ದ್ವೀಪಕ್ಕೆ ಒಂದೇ, ಅಲ್ಲಿ ಊರಿಲ್ಲ, ಊರಿನ ದೋಣಿಯೂ ಇಲ್ಲ. ಬಾವನ ರೆಸಾರ್ಟ್‌ಗೆ ಹೋಗಲು ನೀರಿನ ಮೇಲೆ ಇಳಿಯುವ ವಿಮಾನವೇ ಗತಿ, ತಲೆಗೆ ನೂರಾರು ಡಾಲರ್. ಅವು ಕತ್ತಲಾದ ಮೇಲೆ ಹಾರುವುದಿಲ್ಲ. ಇವನು ತಲುಪಿದ್ದು ಸಂಜೆ. ರಾಜಧಾನಿ ಮಾಲೆಯಲ್ಲಿ ಒಂದು ರಾತ್ರಿಯ ಹೋಟೆಲ್ ಖರ್ಚೂ ಬಂತು. ಉಳಿಸಿದ ಅರ್ಧ ಬೆಲೆ ಅಲ್ಲಿಗೆ ಸಮ.

ಬಾವನನ್ನು ನೋಡಿ ಬುದ್ಧಿ ಕಲಿತೆ ಎಂದುಕೊಂಡು ನಾವು 2019ರಲ್ಲಿ ಮಾಫುಶಿಗೆ ಹೋದೆವು. ಅದು ಜನ ವಾಸಿಸುವ ದ್ವೀಪ. ಅಂಥ ಊರುಗಳಲ್ಲಿ ಅತಿಥಿಗೃಹ ನಡೆಸಲು 2010ರ ಸುಮಾರಿಗೆ ಅವಕಾಶ ಸಿಕ್ಕಿತು, ಮಾಲ್ಡೀವ್ಸ್ ನಮ್ಮ ಕೈಗೆ ಸಿಕ್ಕಿದ್ದು ಆಮೇಲೆಯೇ. ಮಾಲೆಯಿಂದ ಊರಿನವರು ಹೋಗುವ ದೋಣಿಗೆ ಎರಡು ಡಾಲರ್ ಆಸುಪಾಸು, ಒಂದೂವರೆ ಗಂಟೆಯ ದಾರಿ. ಎಲ್ಲ ಲೆಕ್ಕ ಹಾಕಿ ಹೋಗಿದ್ದೆ. ದಕ್ಕೆಗೆ ಹೋದರೆ ಒಂದು ನರಪಿಳ್ಳೆಯೂ ಇಲ್ಲ. ಅಂದು ಶುಕ್ರವಾರ. ಅಲ್ಲಿ ವಾರದ ರಜೆ, ದೋಣಿಯೂ ರಜೆ. ನಮ್ಮ ಬಂದರಿನಲ್ಲೇ ಶುಕ್ರವಾರ ಮಧ್ಯಾಹ್ನ ಜುಮ್ಮಾಕ್ಕೆಂದು ಎಷ್ಟೋ ಅಂಗಡಿಗಳು ಬಾಗಿಲು ಎಳೆದಿರುತ್ತವೆ. ಇಪ್ಪತ್ತು ವರ್ಷ ಅದನ್ನು ನೋಡಿದವನಿಗೆ ಇಷ್ಟು ಹೊಳೆಯಲಿಲ್ಲ. ನಾನು, ಹೆಂಡತಿ, ಮಗಳು ಮೂವರೂ ಸ್ಪೀಡ್ ಬೋಟ್ ಹತ್ತಿ, ತಲೆಗೆ ಇಪ್ಪತ್ತು ಡಾಲರ್‌ಗಿಂತ ಹೆಚ್ಚು ತೆತ್ತು ಹೋದೆವು. ಹೆಂಡತಿ ಏನೂ ಅನ್ನಲಿಲ್ಲ, ಅದು ಇನ್ನೂ ಕಷ್ಟವಾಗಿತ್ತು.

ಅಲ್ಲಿಗೆ ಹೋಗುವವರಿಗೆ ಇನ್ನೆರಡು ಮಾತು. ಹೋಟೆಲ್ ದರದ ಮುಂದೆ ಎರಡು ಕೂಡಿಸುವ ಗುರುತು ಇದ್ದರೆ ತೆರಿಗೆ ಮತ್ತು ಸೇವಾ ಶುಲ್ಕ ಬೇರೆ ಎಂದು ಅರ್ಥ. 2025ರ ಜುಲೈನಿಂದ ಆ ತೆರಿಗೆಯೇ ನೂರಕ್ಕೆ 17, ಸೇವಾ ಶುಲ್ಕ 10. ಹಸಿರು ತೆರಿಗೆ ಎಂಬುದೂ ಒಂದಿದೆ, 2025ರ ಜನವರಿಯಿಂದ ಅದು ಸಣ್ಣ ಅತಿಥಿಗೃಹದಲ್ಲಿ ರಾತ್ರಿಗೆ ತಲೆಯೊಂದಕ್ಕೆ 6 ಡಾಲರ್, ರೆಸಾರ್ಟ್‌ನಲ್ಲಿ 12. ಊರಿನ ದ್ವೀಪಗಳಲ್ಲಿ ಮದ್ಯ ಸಿಗುವುದಿಲ್ಲ. ಅದು ಕೊರತೆಯೋ ಉಳಿತಾಯವೋ ನಿಮ್ಮ ನಿಮ್ಮ ಮನೆಯವರನ್ನು ಕೇಳಿ.

ಲಕ್ಷದ್ವೀಪದ ವಿಷಯ ನಮ್ಮವರಿಗೆ ತುಸು ನೋವಿನದು. ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲತ್, ಬಿತ್ರಾ ದ್ವೀಪಗಳು 1956ರ ನವೆಂಬರ್ 1ರವರೆಗೆ ನಮ್ಮದೇ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು, ಅವುಗಳ ಆಡಳಿತ ನಡೆಯುತ್ತಿದ್ದುದು ಮಂಗಳೂರಿನಿಂದ. ಇವತ್ತು ನಮ್ಮ ನೀರುಳ್ಳಿ ಇಲ್ಲಿಂದ ಹತ್ತುತ್ತದೆ, ನಾವು ಮಾತ್ರ ಕೊಚ್ಚಿಗೆ ಹೋಗಿ ಹತ್ತಬೇಕು. 2024ರ ಮೇ ತಿಂಗಳಲ್ಲಿ 'ಪರಳಿ' ಎಂಬ ವೇಗದ ಹಡಗು ಪ್ರಯಾಣಿಕರನ್ನು ಹೊತ್ತು ಏಳು ಗಂಟೆಯಲ್ಲಿ ಹಳೇ ಬಂದರಿಗೆ ಬಂದಾಗ ದಕ್ಕೆಯಲ್ಲಿ ಹಬ್ಬದ ಕಳೆ ಇತ್ತು. ಆದರೂ ಯೋಜನೆ ಹಾಕುವಾಗ ಕೊಚ್ಚಿಯನ್ನೇ ಹಿಡಿದುಕೊಳ್ಳಿ. ಉಡುಪಿಯವರಿಗೆ ಮಂಗಳಾ ಲಕ್ಷದ್ವೀಪ ಎಕ್ಸ್‌ಪ್ರೆಸ್ ಇದೆ. ಹೆಸರಿನಲ್ಲಿ ಲಕ್ಷದ್ವೀಪ ಇರುವ ಆ ರೈಲು ಎರ್ನಾಕುಲಂನಲ್ಲಿ ನಿಂತುಬಿಡುತ್ತದೆ, ಮುಂದಿನದು ನಿಮ್ಮ ಪಾಡು.

ಲಕ್ಷದ್ವೀಪದ 36 ದ್ವೀಪಗಳಲ್ಲಿ ಜನ ಇರುವುದು ಹತ್ತರಲ್ಲಿ. ಹೊರಗಿನವರಿಗೆ ಪ್ರವೇಶ ಪರವಾನಗಿ ಕಡ್ಡಾಯ. 1967ರ ನಿಯಮಗಳಿಂದ ಬಂದ ಕಟ್ಟು ಅದು. ಟಿಕೆಟ್‌ಗಿಂತ ಮೊದಲು ಪರವಾನಗಿಯ ಕೆಲಸ ಶುರುಮಾಡಿ. ನಾವು ಹಡಗಿನಲ್ಲಿ ಅಗತ್ತಿಗೆ ಹೋಗಿ ಒಂದು ಮನೆಯಲ್ಲಿ ಉಳಿದುಕೊಂಡೆವು. ಮೂರು ದಿನ ಮೂರು ಹೊತ್ತು ಟ್ಯೂನ ಮೀನು ಮತ್ತು ತೆಂಗಿನಕಾಯಿ, ಒಂದೊಂದು ಹೊತ್ತಿಗೆ ಒಂದೊಂದು ರೂಪದಲ್ಲಿ. ಎರಡನೆಯ ದಿನ ಮಗಳು ಟೊಮೆಟೊ ಸಾರು ಬೇಕೆಂದು ಹಟ ಹಿಡಿದಳು. ಮನೆಯೊಡತಿ ಅಡುಗೆಮನೆಗೆ ಕರೆದು ತೋರಿಸಿದರು. ಮೂಲೆಯಲ್ಲಿ ಮಡಚಿಟ್ಟಿದ್ದ ಗೋಣಿಯ ಮೇಲೆ ನೀಲಿ ಶಾಯಿಯ ಗುರುತು, ನಮ್ಮ ಅಂಗಡಿಯದೇ! ನಾನು ಬಿಲ್ಲು ಬರೆದ ನೀರುಳ್ಳಿ ನನಗಿಂತ ಮೊದಲೇ ಬಂದು ಕೂತಿತ್ತು. ದರ ಕೇಳಿದೆ. ನಾನು ಬರೆದದ್ದರ ಒಂದೂವರೆ ಪಟ್ಟು. ಅಂದಿನಿಂದ ನಮ್ಮ ಮನೆಯ ನಿಯಮ ಒಂದು: ದ್ವೀಪದಲ್ಲಿ ಬೆಳೆದದ್ದನ್ನು, ಅಲ್ಲಿಯ ನೀರಿನಲ್ಲಿ ಹಿಡಿದದ್ದನ್ನು ತಿನ್ನುವುದು. ಹಡಗಿನಲ್ಲಿ ಬಂದದ್ದನ್ನು ಊರಿಗೆ ಮರಳಿದ ಮೇಲೆ ತಿಂದರಾಯಿತು.

ಈ ನಿಯಮ ಹೇಳಿದಾಗ ಉಡುಪಿಯ ಕಡೆಯ ಸಸ್ಯಾಹಾರಿಗಳ ಮುಖ ಸಪ್ಪಗಾಗುತ್ತದೆ. ಅವರಿಗಾಗಿ ನನ್ನ ಬಳಿ ಒಂದು ದ್ವೀಪವಿದೆ. ಅಂಡಮಾನಿನ ನೀಲ್, ಈಗಿನ ಹೆಸರು ಶಹೀದ್ ದ್ವೀಪ. ಪಕ್ಕದ ಹ್ಯಾವ್‌ಲಾಕ್, ಅಂದರೆ ಸ್ವರಾಜ್ ದ್ವೀಪ, ರಾಧಾನಗರ ಕಡಲತೀರದ ಕಾರಣಕ್ಕೆ ಹೆಸರುವಾಸಿ. ಜನ ಅಲ್ಲಿಗೆ ಓಡುತ್ತಾರೆ. ನೀಲ್‌ಗೆ ಹೆಸರು ಬಂದಿರುವುದು ತರಕಾರಿಯಿಂದ. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿ ಕುಟುಂಬಗಳು ಅಲ್ಲಿ ಕೃಷಿ ಮಾಡಿ ನೆಲೆ ನಿಂತವು. ಇಲ್ಲಿ ಸರಕು ಹಿಮ್ಮುಖ, ತರಕಾರಿ ದ್ವೀಪದಿಂದ ಹೊರಟು ಪೋರ್ಟ್ ಬ್ಲೇರ್‌ಗೆ ಹೋಗುತ್ತದೆ. (ಪೋರ್ಟ್ ಬ್ಲೇರ್ 2024ರಿಂದ ಶ್ರೀ ವಿಜಯಪುರಂ. ಹಳೆಯ ಹೆಸರು ನಾಲಗೆಯಿಂದ ಇಳಿಯಲು ಇನ್ನೂ ವರ್ಷಗಳು ಬೇಕು.) ಸಂತೆಯ ಹತ್ತಿರದ ಚಿಕ್ಕ ಹೋಟೆಲಿನಲ್ಲಿ ಅನ್ನ, ಬೇಳೆ, ಎರಡು ಬಗೆ ಪಲ್ಯ ಹೊಟ್ಟೆ ತುಂಬ ಬಡಿಸಿದರು.

ಅಂಡಮಾನಿನ ಲೆಕ್ಕದಲ್ಲಿ ಭಾರದ ಬಾಬ್ತು ವಿಮಾನ. ನಮ್ಮ ಒಟ್ಟು ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಅದಕ್ಕೇ ಹೋಯಿತು. ಮಂಗಳೂರಿನಿಂದ ನೇರ ವಿಮಾನವಿಲ್ಲ, ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಹೋಗಿ ಅಲ್ಲಿಂದ ಹಾರಿದೆವು. ಅಲ್ಲಿ ಇಳಿದ ಮೇಲೆ ಖರ್ಚು ಹಿಡಿತಕ್ಕೆ ಬರುತ್ತದೆ. ದ್ವೀಪದಿಂದ ದ್ವೀಪಕ್ಕೆ ಸರ್ಕಾರಿ ದೋಣಿಯ ದರ ಕ್ಯಾಟಮರಾನ್ ಎಂಬ ಖಾಸಗಿ ವೇಗದ ದೋಣಿಯ ಅರ್ಧಕ್ಕೂ ಕಡಿಮೆ. ನಿಧಾನ ನಿಜ, ಹ್ಯಾವ್‌ಲಾಕ್‌ಗೆ ಎರಡೂವರೆ ಗಂಟೆ. ಆದರೆ ಮೇಲಿನ ಅಟ್ಟಕ್ಕೆ ಹೋಗಿ ಗಾಳಿಗೆ ನಿಲ್ಲಬಹುದು. ಟಿಕೆಟ್ ಬೇಗ ಮುಗಿಯುತ್ತದೆ. ಇನ್ನೊಂದು, ಗಡಿಯಾರ ನಮ್ಮದೇ ಆದರೂ ಸೂರ್ಯ ನಮ್ಮವನಲ್ಲ. ಚಳಿಗಾಲದಲ್ಲಿ ಸಂಜೆ ಐದಕ್ಕೆಲ್ಲ ಮುಳುಗಿಬಿಡುತ್ತಾನೆ. ಊರಿನ ಅಭ್ಯಾಸದಲ್ಲಿ ಒಂಬತ್ತಕ್ಕೆ ಎದ್ದವರು ಕೊಟ್ಟ ದುಡ್ಡಿನ ನಾಲ್ಕು ಗಂಟೆ ಬೆಳಕನ್ನು ಹಾಸಿಗೆಯಲ್ಲಿ ಕಳೆದ ಹಾಗೆ.

ಎಲ್ಲಿಗೆ ಎಂಬುದಕ್ಕಿಂತ ಯಾವಾಗ ಎಂಬುದು ಜೇಬಿಗೆ ಹೆಚ್ಚು ಮುಟ್ಟುತ್ತದೆ. ನಮ್ಮಲ್ಲಿ ಮಂಜಿ ಮೇ ಮಧ್ಯದಲ್ಲಿ ನಿಂತರೆ ಮತ್ತೆ ಹೊರಡುವುದು ಸೆಪ್ಟೆಂಬರ್ ಮಧ್ಯದ ಮೇಲೆ. ಶಾಲೆಯ ರಜೆ ಮುಗಿಯುತ್ತ ಬಂದ ಹಾಗೆ ಕಡಲು ಕೆಡುತ್ತದೆ. ಮೇ ಕೊನೆಯ ವಾರಕ್ಕೆ ಲಕ್ಷದ್ವೀಪವೋ ಅಂಡಮಾನೋ ಎಂದು ಕೇಳುವವರಿಗೆ ನಾನು ಎರಡೂ ಬೇಡ ಎನ್ನುತ್ತೇನೆ. ಆಗ ಶ್ರೀಲಂಕಾದ ಪೂರ್ವ ಕರಾವಳಿ, ತ್ರಿಂಕೋಮಲಿಯ ಕಡೆ, ಒಣಗಿರುತ್ತದೆ. ಆ ದೇಶ ಕರ್ನಾಟಕದ ಮೂರನೇ ಒಂದು ಭಾಗದಷ್ಟಿದೆ, ರೈಲು ಬಸ್ಸುಗಳಿವೆ, ಕೊನೆಯ ದೋಣಿಯ ತಲೆನೋವೇ ಇಲ್ಲ. ಬಾಲಿಯಲ್ಲೂ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಒಣ ಕಾಲ. ವಿಮಾನ ದ್ವೀಪದ ಮೇಲೆಯೇ ಇಳಿಯುತ್ತದೆ, ದ್ವೀಪ ನಮ್ಮ ಜಿಲ್ಲೆಗಿಂತ ಸ್ವಲ್ಪ ದೊಡ್ಡದು. ಆದರೆ ಹೊಸ್ತಿಲಲ್ಲೇ ವೀಸಾಕ್ಕೆ ಐದು ಲಕ್ಷ ರೂಪಿಯಾ, 2024ರಿಂದ ಪ್ರವಾಸಿ ಶುಲ್ಕ ಒಂದೂವರೆ ಲಕ್ಷ ರೂಪಿಯಾ. ಲಕ್ಷ ಎಂದು ಬೆಚ್ಚಬೇಡಿ, ನಮ್ಮ ದುಡ್ಡಿನಲ್ಲಿ ತಲೆಗೆ ಮೂರೂವರೆ ಸಾವಿರದ ಆಸುಪಾಸು. ಯುಗಾದಿಯ ಹೊತ್ತಿನಲ್ಲಿ ಮಾತ್ರ ದಿನಾಂಕ ನೋಡಿ ಹೊರಡಿ. ಅವರ ಶಕ ವರ್ಷದ ಮೊದಲ ದಿನವಾದ ನ್ಯೆಪಿ ಅದೇ ಸುಮಾರಿಗೆ ಬರುತ್ತದೆ. ಅಂದು ಇಡೀ ದ್ವೀಪ ಮೌನ, ವಿಮಾನ ನಿಲ್ದಾಣವೂ ಮುಚ್ಚಿರುತ್ತದೆ. ಇವೆರಡೂ ಕಡೆ ನಾನು ಹೋಗಿಲ್ಲ, ಹೋಗಿ ಬಂದವರ ಬಿಲ್ಲುಗಳನ್ನು ನೋಡಿದ್ದೇನೆ ಅಷ್ಟೆ.

ಮಳೆಗಾಲದಲ್ಲಿ ಮಾಲ್ಡೀವ್ಸ್ ಅಗ್ಗ, ಹೋಗಬಹುದೇ? ಹೋಗಬಹುದು. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್‌ಗಿಂತ ಹೆಚ್ಚು ಮಳೆ ಸುರಿಯುತ್ತದೆ, ಮಾಲೆಯಲ್ಲಿ ಹೆಚ್ಚುಕಡಿಮೆ ಅದರ ಅರ್ಧ. ತುಳುವರ ಆಟಿ ತಿಂಗಳ ಮಳೆ ಕಂಡವರಿಗೆ ಅದು ಮಳೆಯೇ ಅಲ್ಲ. ಆದರೆ ಅಲೆ ಎದ್ದು ದೋಣಿ ನಿಂತರೆ ಒಂದು ದಿನ ಹೆಚ್ಚು ಉಳಿಯುವಷ್ಟು ದುಡ್ಡು, ರಜೆ ಎರಡೂ ಕೈಯಲ್ಲಿರಬೇಕು.

ನೀಲಿ ನೀರಿನ ಮುಂದೆ ಒಂದು ಫೋಟೊ ಸಿಕ್ಕರೆ ಸಾಕು ಎನ್ನುವವರೂ ಇದ್ದಾರೆ. ಅವರಿಗೆ ಮಲ್ಪೆಯ ದೋಣಿ ತೋರಿಸುತ್ತೇನೆ. ಸೇಂಟ್ ಮೇರೀಸ್ ದ್ವೀಪದ ಕಂಬಕಂಬದ ಕಲ್ಲುಗಳು ಸುಮಾರು 8.8 ಕೋಟಿ ವರ್ಷ ಹಿಂದಿನ ಲಾವಾ, ಮಡಗಾಸ್ಕರ್ ನಮ್ಮಿಂದ ಕಳಚಿಕೊಂಡ ಕಾಲದ್ದು. ರಾತ್ರಿ ಉಳಿಯುವ ಹಾಗಿಲ್ಲ, ಮಳೆಗಾಲದಲ್ಲಿ ದೋಣಿ ಇಲ್ಲ.

ಕಳೆದ ವರ್ಷ ಉಡುಪಿಯ ಟೀಚರ್ ಒಬ್ಬರು ಫೋನ್ ಮಾಡಿದ್ದರು. ಅವರು, ಗಂಡ, ಮಗ, ನೀರುಳ್ಳಿ ಬೆಳ್ಳುಳ್ಳಿ ಮುಟ್ಟದ ಅತ್ತೆ. ರಜೆ ಏಪ್ರಿಲ್‌ನಲ್ಲಿ. ನಾನು ಪೂರ್ತಿ ಕೇಳುವ ಮೊದಲೇ ನೀಲ್ ಎಂದೆ. ಏಪ್ರಿಲ್ ಕೊನೆಯೊಳಗೆ ಹಿಂದಿರುಗಿ, ಸರ್ಕಾರಿ ದೋಣಿ ಹಿಡಿಯಿರಿ, ಅಡುಗೆ ಮಾಡಿಕೊಳ್ಳಲು ಬಿಡುವ ಕೋಣೆ ಕೇಳಿ ನೋಡಿ ಎಂದು ಹೇಳಿದ್ದೆ. ಹೋದ ಮೂರನೆಯ ದಿನ ಫೋಟೊ ಬಂತು. ಹಿಂದೆ ಹಸಿರು ನೀಲಿ ಸಮುದ್ರ. ಮುಂದೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡ ಅತ್ತೆ, ಸಮುದ್ರದ ಕಡೆಗೆ ಬೆನ್ನು ಹಾಕಿ ಕೈಯಲ್ಲಿ ಬದನೆಕಾಯಿ ಹಿಡಿದು ನೋಡುತ್ತಿದ್ದಾರೆ. ಕೆಳಗೆ ಟೀಚರ್ ಬರೆದಿದ್ದರು: "ದರ ಪರವಾಗಿಲ್ಲವಂತೆ. ನಮ್ಮೂರ ಮಟ್ಟುಗುಳ್ಳ ಬದನೆಯ ರುಚಿ ಮಾತ್ರ ಇಲ್ಲವಂತೆ."