ಎರಡು ವರ್ಷ ತಡವಾಗಿ ತಲುಪಿದ ಮಾತು

18 ಜನವರಿ 2025, ಶನಿವಾರ
ಚಾಮರಾಜನಗರ

ಇಂದು ಬೆಳಿಗ್ಗೆ ಬಿಳಿಗಿರಿರಂಗನ ಬೆಟ್ಟದ ತಪ್ಪಲಿನ ಒಂದು ಪದವಿಪೂರ್ವ ಕಾಲೇಜಿಗೆ ಹೋಗಿ, ದ್ವಿತೀಯ ಪಿಯುಸಿ ವಿದ್ಯಾರ್ಥಿಗಳಿಗೆ ನರ್ಸಿಂಗ್ ಶಿಕ್ಷಣದ ಬಗ್ಗೆ ಒಂದೂವರೆ ಗಂಟೆ ಹೇಳಿ ಬಂದೆ. ಪೋಡುಗಳಿಂದ, ಎಂದರೆ ಕಾಡಿನ ಹಾಡಿಗಳಿಂದ, ಬರುವ ಸೋಲಿಗ ಬುಡಕಟ್ಟಿನ ಮಕ್ಕಳು, ಸುತ್ತಲ ಹಳ್ಳಿಗಳ ದಲಿತರ ಮಕ್ಕಳು, ಕೆಲವು ಮುಸ್ಲಿಂ ಹುಡುಗಿಯರು, ಎಲ್ಲ ಸೇರಿ ಅರವತ್ತಕ್ಕೂ ಹೆಚ್ಚು ಮಂದಿ ಇದ್ದರು. ನರ್ಸಿಂಗ್ ಓದುವ ಮನಸ್ಸಿರುವವರು ಕೈ ಎತ್ತಿ ಎಂದಾಗ ಹತ್ತೊಂಬತ್ತು ಕೈಗಳು ಮೇಲೆದ್ದವು. ಅವರಲ್ಲಿ ವಿಜ್ಞಾನ ವಿಭಾಗದವರು ಮಾತ್ರ ಕೈ ಇಳಿಸಬೇಡಿ ಎಂದೆ. ನಾಲ್ಕು ಕೈಗಳು ಉಳಿದವು.

ಇಳಿದ ಆ ಹದಿನೈದು ಕೈಗಳು ಈಗ ರಾತ್ರಿಯಾದರೂ ಕಣ್ಣ ಮುಂದಿನಿಂದ ಹೋಗಿಲ್ಲ. ನಾಲ್ಕು ವರ್ಷದ ಬಿ.ಎಸ್‌ಸಿ. ನರ್ಸಿಂಗ್ ಸೇರಲು ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳನ್ನು ಓದಿರಲೇಬೇಕು. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ. 40 ಅಂಕ ಸಾಕೆಂಬ ರಿಯಾಯಿತಿಯಾಗಲಿ, 2022ರಲ್ಲಿ ರಾಜ್ಯವು ಜಾತಿಗೆ ಶೇ. 17ಕ್ಕೂ ಪಂಗಡಕ್ಕೆ ಶೇ. 7ಕ್ಕೂ ಏರಿಸಿದ ಮೀಸಲಾತಿಯಾಗಲಿ, ಕಲಾ ವಿಭಾಗದಲ್ಲಿ ಕುಳಿತಿರುವ ಹುಡುಗಿಯನ್ನು ಈ ಪದವಿಯ ಬಾಗಿಲ ತನಕ ಕರೆತರಲಾರವು. ಅವಳ ದಾರಿ ಹತ್ತನೇ ತರಗತಿ ಮುಗಿದ ಬೇಸಿಗೆಯಲ್ಲೇ ಕವಲೊಡೆದಿತ್ತು. ವಿಜ್ಞಾನ ಏಕೆ ತೆಗೆದುಕೊಳ್ಳಲಿಲ್ಲ ಎಂದು ಕೇಳಿದಾಗ ಒಬ್ಬಳು ತಮ್ಮ ಹಾಸ್ಟೆಲಿನ ಹತ್ತಿರ ವಿಜ್ಞಾನ ಇರುವ ಕಾಲೇಜಿಲ್ಲ ಎಂದಳು, ಮತ್ತೊಬ್ಬಳು ಇಂಗ್ಲಿಷಿಗೆ ಹೆದರಿದೆ ಎಂದಳು, ಮೂರನೆಯವಳು ತಲೆ ತಗ್ಗಿಸಿ, "ನಿನ್ನ ಕೈಲಿ ಆಗಲ್ಲ ಅಂತ ಸರ್ ಹೇಳಿದ್ರು ಮಿಸ್" ಎಂದಳು. ಆ ಮೂರನೆಯ ಉತ್ತರಕ್ಕೆ ನನ್ನ ಬಳಿ ಮಾತಿರಲಿಲ್ಲ.

ಕಲಾ ವಿಭಾಗದವರಿಗೆ ದಾರಿಯೇ ಇಲ್ಲವೆಂದಲ್ಲ. ಮೂರು ವರ್ಷದ ಜಿಎನ್‌ಎಂ (ಸಾಮಾನ್ಯ ನರ್ಸಿಂಗ್ ಮತ್ತು ಪ್ರಸೂತಿ ಶುಶ್ರೂಷೆ) ಡಿಪ್ಲೊಮಾಕ್ಕೆ ಯಾವ ವಿಭಾಗದಲ್ಲಿ ಪಿಯುಸಿ ಮಾಡಿದ್ದರೂ ಅವಕಾಶವಿದೆ. ಅದನ್ನು ಮುಗಿಸಿ ನೋಂದಣಿಯಾದ ಮೇಲೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್‌ಸಿ. ಓದಿದರೆ ಎಂ.ಎಸ್‌ಸಿ.ವರೆಗೂ ಹೋಗಬಹುದು. ಇದನ್ನು ಕಪ್ಪುಹಲಗೆಯ ಮೇಲೆ ಮೆಟ್ಟಿಲಿನಂತೆ ಬರೆದು ತೋರಿಸಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ, ಗಂಡುಮಕ್ಕಳೂ ಸೇರಬಹುದೇ ಎಂದು ಕೇಳಿದ. ಸೇರಬಹುದು, ನಮ್ಮ ನರ್ಸಿಂಗ್ ಸಂಸ್ಥೆಯಲ್ಲೇ ಇದ್ದಾರೆ ಎಂದಾಗ ಅವನೂ ಹೆಸರು ಬರೆಸಿದ.

ಈ ಮೆಟ್ಟಿಲುಗಳ ವಿಷಯದಲ್ಲಿ ನನಗೊಂದು ಹಳೆಯ ಸಂಕಟವಿದೆ. ಪೋಡಿನ ಹುಡುಗಿ ನರ್ಸಾಗುತ್ತೇನೆ ಎಂದ ಕೂಡಲೇ ಸುತ್ತಲಿನವರೆಲ್ಲ ಎರಡು ವರ್ಷದ ಎಎನ್‌ಎಂ (ಸಹಾಯಕ ನರ್ಸ್ ಮತ್ತು ಸೂಲಗಿತ್ತಿ) ತರಬೇತಿಯನ್ನು ಮಾತ್ರ ತೋರಿಸಿ ಸುಮ್ಮನಾಗುತ್ತಾರೆ. ಎಎನ್‌ಎಂ ಕೆಲಸವನ್ನು ನಾನು ಕೀಳಾಗಿ ಕಾಣುವುದಿಲ್ಲ. ಬೆಟ್ಟದ ಮೇಲೆ 1981ರಲ್ಲಿ ಡಾ. ಎಚ್. ಸುದರ್ಶನ್ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಬುಡಕಟ್ಟಿನ ಹುಡುಗಿಯರಿಗೆ ಇದೇ ತರಬೇತಿ ಕೊಟ್ಟು, ಅವರವರ ಜನರ ನಡುವೆಯೇ ದುಡಿಯುವಂತೆ ಮಾಡಿದ್ದು ಈ ಸೀಮೆಯ ದೊಡ್ಡ ಕೆಲಸಗಳಲ್ಲಿ ಒಂದು. ಆದರೆ ಆರಂಭವಾಗಬೇಕಾದದ್ದನ್ನೇ ಕೊನೆಯ ಗಡಿಯೆಂದು ಒಂದು ಸಮುದಾಯಕ್ಕೆ ಹೇಳಿಬಿಟ್ಟರೆ, ವಾರ್ಡಿನ ಮೇಲ್ವಿಚಾರಕಿಯಾಗಿ, ಬೋಧಕಿಯಾಗಿ, ಆರು ತಿಂಗಳ ಹೆಚ್ಚುವರಿ ತರಬೇತಿ ಪಡೆದು ಹಳ್ಳಿಯ ಆರೋಗ್ಯ ಉಪಕೇಂದ್ರವನ್ನು ನಡೆಸುವ ಸಮುದಾಯ ಆರೋಗ್ಯ ಅಧಿಕಾರಿಯಾಗಿ ಆ ಹುಡುಗಿ ಕುಳಿತುಕೊಳ್ಳಬಹುದಾದ ಕುರ್ಚಿಗಳೆಲ್ಲ ಬೇರೆಯವರಿಗೇ ಉಳಿಯುತ್ತವೆ.

ಆ ಕುರ್ಚಿಗಳಲ್ಲಿ ಅವರು ಏಕಿರಬೇಕು ಎಂಬುದನ್ನು ನನಗೆ ತಿಳಿಸಿಕೊಟ್ಟದ್ದು ಕುಡಗೋಲು ಕಣ ರಕ್ತಹೀನತೆ, ಎಂದರೆ ಸಿಕಲ್ ಸೆಲ್ ಕಾಯಿಲೆ. ಕೆಂಪು ರಕ್ತಕಣಗಳು ಕುಡಗೋಲಿನಂತೆ ಬಾಗುವ, ವಂಶದಿಂದ ಬರುವ ಈ ಕಾಯಿಲೆ ಸೋಲಿಗರಲ್ಲೂ ಜೇನುಕುರುಬರಲ್ಲೂ ಕಾಣಿಸಿಕೊಳ್ಳುತ್ತದೆ. ಇದನ್ನು 2047ರೊಳಗೆ ನಿರ್ಮೂಲನ ಮಾಡುವ ಗುರಿಯಿಟ್ಟುಕೊಂಡು 2023ರ ಜುಲೈನಲ್ಲಿ ಕೇಂದ್ರ ಸರ್ಕಾರ ಅಭಿಯಾನವನ್ನೂ ಆರಂಭಿಸಿದೆ. ರಕ್ತ ಪರೀಕ್ಷೆ ಮಾಡುವುದು ಸುಲಭ; ನಿಜವಾದ ಕೆಲಸ ಶುರುವಾಗುವುದು ವರದಿ ಬಂದ ಮೇಲೆ. ತಂದೆ ತಾಯಿ ಇಬ್ಬರೂ ವಾಹಕರಾಗಿದ್ದರೆ, ಎಂದರೆ ತಮಗೆ ಕಾಯಿಲೆಯಿಲ್ಲದೆಯೂ ಅದರ ಅಂಶವನ್ನು ಹೊತ್ತಿದ್ದರೆ, ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು ಎಂಬುದನ್ನು, ಅದು ಶಾಪವೂ ಅಲ್ಲ, ಯಾರ ತಪ್ಪೂ ಅಲ್ಲ ಎಂಬುದನ್ನು, ಮದುವೆಯ ಮಾತು ನಡೆಯುತ್ತಿರುವ ಮನೆಯ ಒಲೆಯ ಮುಂದೆ ಕುಳಿತು ಹೇಳಬೇಕಾಗುತ್ತದೆ. ನಾನು ಹೇಳಿದಾಗ ಅವರು ಗೌರವದಿಂದ ತಲೆಯಾಡಿಸಿ ಸುಮ್ಮನಾಗಿದ್ದಾರೆ. ನಮ್ಮ ಮೂರನೇ ವರ್ಷದ ಸೋಲಿಗರ ಹುಡುಗಿ ಅವರದೇ ಮಾತಿನಲ್ಲಿ ಹೇಳಿದಾಗ ಎದುರು ಪ್ರಶ್ನೆ ಕೇಳಿದ್ದಾರೆ, ವಾದ ಮಾಡಿದ್ದಾರೆ, ಒಬ್ಬ ಅಜ್ಜಿ ಸತ್ತುಹೋದ ತನ್ನ ಮಕ್ಕಳ ಮೈನೋವನ್ನು ನೆನೆದು ಅತ್ತಿದ್ದಾರೆ. ಮೈ ಕೈ ಸಂದುಗಳಲ್ಲಿ ತಡೆಯಲಾರದ ನೋವು ಬಂದು ಆಸ್ಪತ್ರೆಗೆ ಬಂದವನನ್ನು ಕುಡಿದು ಬಂದಿದ್ದಾನೆಂದು ಹೊರಗೆ ಕೂರಿಸಿದ್ದನ್ನು ನಾನೇ ಕಂಡಿದ್ದೇನೆ. ಆ ರಾತ್ರಿ ಅವನ ಮಾತು ಬಲ್ಲ ಒಬ್ಬ ನರ್ಸ್ ಪಾಳಿಯಲ್ಲಿದ್ದಿದ್ದರೆ ಅವನು ಬೆಳಗಿನವರೆಗೆ ಕಾಯಬೇಕಾಗಿರಲಿಲ್ಲ.

ಸಭೆಯ ನಂತರ ಒಬ್ಬ ತಂದೆ ಮರದ ಕೆಳಗೆ ಕಾದಿದ್ದರು. "ಓದ್ಸೋಕೆ ಆಸೆ ಅದೆ ಮೇಡಂ, ಅಷ್ಟು ದೂರದ ಊರಲ್ಲಿ ಒಬ್ಳೇ ಎಂಗಿದ್ದಾಳು? ರಾತ್ರಿ ಪಾಳಿ ಬೇರೆ ಅಂತೀರಿ" ಎಂದರು. ಅವರ ಅಳುಕು ಸುಳ್ಳಲ್ಲ. ಹಾಸ್ಟೆಲ್ ಹೇಗಿರುತ್ತದೆ, ರಾತ್ರಿ ಪಾಳಿಗೆ ಯಾರ ಜೊತೆ ಹೋಗುತ್ತಾರೆ, ಹಬ್ಬಕ್ಕೆ ಊರಿಗೆ ಕಳಿಸುತ್ತಾರೆಯೇ, ಎಲ್ಲವನ್ನೂ ಬಿಡಿಸಿ ಹೇಳಿದೆ. ಒಮ್ಮೆ ಬಂದು ಹಾಸ್ಟೆಲ್ ನೋಡಿ ಹೋಗಿ ಎಂದೆ; ಬರುತ್ತೇನೆ ಎಂದಿದ್ದಾರೆ.

ನಾನು ಕನ್ನಡ ಮಾಧ್ಯಮದಿಂದ ಬಂದವಳು. ಮೊದಲ ವರ್ಷ ಅಂಗರಚನಾಶಾಸ್ತ್ರದ ತರಗತಿಯಲ್ಲಿ ಮೂಳೆಗಳ ಹೆಸರನ್ನೆಲ್ಲ ಕನ್ನಡ ಲಿಪಿಯಲ್ಲಿ ಬರೆದುಕೊಂಡು, ರಾತ್ರಿ ನನ್ನ ಮೈಯ ಮೂಳೆಗಳನ್ನೇ ಮುಟ್ಟಿ ಮುಟ್ಟಿ ಬಾಯಿಪಾಠ ಮಾಡುತ್ತಿದ್ದೆ. ಆರು ತಿಂಗಳಲ್ಲಿ ಭಯ ಹೋಯಿತು. ಇದನ್ನು ಹೇಳಿದಾಗ ಮಕ್ಕಳ ಮುಖ ಸಡಿಲವಾದದ್ದನ್ನು ಕಂಡು, ಇದನ್ನೇ ಮೊದಲು ಹೇಳಬೇಕಿತ್ತು ಅನ್ನಿಸಿತು. ಇನ್ನೊಂದನ್ನೂ ಹೇಳಿದೆ: ನನ್ನನ್ನು ಸೀಟಿಗೆಂದು ಕರೆದೊಯ್ದ ಒಬ್ಬ ಏಜೆಂಟ್ ಮೂಲ ಅಂಕಪಟ್ಟಿ ಇಟ್ಟುಕೊಂಡು ಹಣಕ್ಕಾಗಿ ನಾಲ್ಕು ತಿಂಗಳು ಅಲೆದಾಡಿಸಿದ್ದ. ಹಾಗಾಗಿ ಮೂಲ ದಾಖಲೆಯನ್ನು ಯಾವ ಏಜೆಂಟರ ಕೈಗೂ ಕೊಡಬೇಡಿ ಎಂದು ಮೂರು ಸಲ ಹೇಳಿದೆ.

ವಿಜ್ಞಾನದ ಆ ನಾಲ್ವರಿಗೆ ಸಮಯ ಕಡಿಮೆಯಿದೆ. ನರ್ಸಿಂಗ್ ಪದವಿಯ ಪ್ರವೇಶಕ್ಕೆ ಬೇಕಾದ ಸಿಇಟಿ ಪರೀಕ್ಷೆಯ ಅರ್ಜಿ ಇಷ್ಟರಲ್ಲೇ ಶುರುವಾಗುತ್ತದೆ. ಅದಕ್ಕೆ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಮೇಲೆ ಅಚ್ಚಾಗಿರುವ ಆರ್‌ಡಿ ಸಂಖ್ಯೆ ಬೇಕು. ಇಬ್ಬರ ಬಳಿ ಅದಿಲ್ಲ. ಸೋಮವಾರ ಅವರನ್ನು ನಾಡಕಚೇರಿಗೆ ಕರೆದೊಯ್ಯಲು ಅಲ್ಲಿನ ಉಪನ್ಯಾಸಕಿಯೊಬ್ಬರು ಒಪ್ಪಿದ್ದಾರೆ. ವಿದ್ಯಾರ್ಥಿವೇತನ ಬರುವುದು ತಡವಾಗುವುದರಿಂದ, ಸೇರುವ ದಿನ ಕಟ್ಟಬೇಕಾದ ಹಣಕ್ಕೆ ದಾರಿ ಹುಡುಕುವ ಕೆಲಸವನ್ನು ನಾನು ವಹಿಸಿಕೊಂಡಿದ್ದೇನೆ.

ಸಂಜೆ ಅದೇ ಊರಿನ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರಿಗೆ ಫೋನ್ ಮಾಡಿ ಒಂಬತ್ತು ಮತ್ತು ಹತ್ತನೇ ತರಗತಿಯ ಮಕ್ಕಳ ಜೊತೆ ಒಂದು ಗಂಟೆ ಬೇಕೆಂದು ಕೇಳಿದೆ. ಫೆಬ್ರವರಿ 1, ಶನಿವಾರ ಕೊಟ್ಟಿದ್ದಾರೆ. ಅಂದು ನನ್ನ ಬದಲು ನಮ್ಮ ಆ ಮೂರನೇ ವರ್ಷದ ಹುಡುಗಿಯೇ ಮಾತನಾಡಲಿ ಎಂದುಕೊಂಡು ಅವಳಿಗೆ ತಿಳಿಸಿದೆ. ತುಸು ಹೊತ್ತು ಸುಮ್ಮನಿದ್ದು, "ಯೂನಿಫಾರ್ಮ್ ಹಾಕ್ಕೊಂಡು ಬರಲಾ ಮಿಸ್?" ಎಂದು ಕೇಳಿದಳು. ಹಾಕಿಕೊಂಡೇ ಬಾ ಎಂದೆ.