ಮೇಲ್ ತಲುಪಿತಾ ಇಲ್ವಾ? ಲಾಗ್ ಓದುವ ಬಗೆ

"ಸಾರ್, ನಮ್ಮ ಮೇಲ್ ಅವರಿಗೆ ಹೋಗಿದೆಯಾ, ಸ್ವಲ್ಪ ನೋಡಿ ಹೇಳ್ತೀರಾ?" ಮೇಲ್ ಸರ್ವರ್ ನೋಡಿಕೊಳ್ಳುವ ನನಗೆ ಈ ಪ್ರಶ್ನೆ ವಾರಕ್ಕೆ ನಾಲ್ಕು ಸಲವಾದರೂ ಬರುತ್ತದೆ. ಒಮ್ಮೆ ಇದಕ್ಕೆ ತಪ್ಪು ಉತ್ತರ ಕೊಟ್ಟಿದ್ದೇನೆ. ಅದನ್ನೇ ಮೊದಲು ಹೇಳುತ್ತೇನೆ.

ಸಂಜೆ 5ರೊಳಗೆ ಒಂದು ಕೊಟೇಶನ್ ತಲುಪಬೇಕಿತ್ತು. ನಮ್ಮವರು 4:50ಕ್ಕೆ ಕಳಿಸಿದರು. ನಾನು ಪೋಸ್ಟ್‌ಫಿಕ್ಸ್ (ಮೇಲ್ ಸಾಗಿಸುವ ನಮ್ಮ ಸರ್ವರ್‌ನ ತಂತ್ರಾಂಶ) ಲಾಗ್, ಅಂದರೆ ಪ್ರತಿ ಮೇಲ್‌ಗೆ ಏನಾಯಿತು ಎಂದು ಅದು ಬರೆದಿಡುವ ದಾಖಲೆ, ತೆಗೆದೆ. 'ಸ್ಟೇಟಸ್=ಸೆಂಟ್' ಕಾಣಿಸಿತು. "ಹೋಗಿದೆ" ಅಂದೆ. ಅದು ಆ ಕಡೆಯವರ ಕೈ ಸೇರಿದ್ದು 5 ದಾಟಿದ ಮೇಲೆ.

ಆಮೇಲೆ ಅದೇ ಸಾಲನ್ನು ಪೂರ್ತಿ ಓದಿದೆ. 'ರಿಲೇ' (ಮೇಲ್ ಯಾರ ಕೈಗೆ ಕೊಟ್ಟಿತು) ಅನ್ನುವ ಜಾಗದಲ್ಲಿ 127.0.0.1 ಇತ್ತು, ಪೋರ್ಟ್ 10024. ಅಂದರೆ ನಮ್ಮದೇ ಮಷಿನ್‌ನಲ್ಲಿ ಕೂತು ಸ್ಪ್ಯಾಮ್, ವೈರಸ್ ತಪಾಸಣೆ ಮಾಡುವ ಅಮಾವಿಸ್ ಫಿಲ್ಟರ್. ಮೇಲ್ ನಡುಮನೆಯಿಂದ ಪಡಸಾಲೆಗೆ ಬಂದಿತ್ತು ಅಷ್ಟೇ, ಹೊಸ್ತಿಲು ದಾಟಿರಲಿಲ್ಲ. ಫಿಲ್ಟರ್‌ನಿಂದ ಹೊರಬರುವಾಗ ಮೇಲ್‌ಗೆ ಹೊಸ ಕ್ಯೂ ಐಡಿ (ಸರದಿಯಲ್ಲಿ ಅದನ್ನು ಗುರುತಿಸುವ ಸಂಕೇತ) ಸಿಗುತ್ತದೆ. ಅದು ಆ ಸಾಲಿನ ಕೊನೆಯಲ್ಲೇ 'ಕ್ಯೂಡ್ ಆ್ಯಸ್' ಎಂದು ಬರೆದಿರುತ್ತದೆ. ಆ ಐಡಿ ಹಾಕಿ ಲಾಗ್‌ನಲ್ಲಿ ಹುಡುಕಿದರೆ (ಗ್ರೆಪ್ ಕಮಾಂಡ್) ನಿಜ ಕಥೆ: 'ಡೆಫರ್ಡ್' (ಮುಂದೂಡಲಾಗಿದೆ), 450, ಗ್ರೇಲಿಸ್ಟೆಡ್. ಗುರುತಿಲ್ಲದ ಸರ್ವರ್ ಅಂತ ಆ ಕಡೆಯವರು ಸ್ವಲ್ಪ ಹೊತ್ತು ಕಾಯಿಸಿದ್ದರು. ಆವತ್ತೇ ಇದನ್ನು ನೋಡಿದ್ದರೆ, ಒಂದು ಫೋನ್ ಮಾಡಿ ಹೇಳಬಹುದಿತ್ತು. ಆ ಬೇಸರ ಇನ್ನೂ ಇದೆ.

ಹಾಗಾಗಿ 'ಸೆಂಟ್' ಕಂಡ ಕೂಡಲೇ ನಿಲ್ಲಬೇಡಿ. ರಿಲೇ ಯಾರದ್ದು ನೋಡಿ. ಪಕ್ಕದ ಬ್ರಾಕೆಟ್‌ನಲ್ಲಿರುವ ಉತ್ತರ ಓದಿ, ಅದು ಆ ಕಡೆಯ ಸರ್ವರ್ ಆಡಿದ ಮಾತು. 250 ಅಂದರೆ ಒಪ್ಪಿಕೊಂಡಿದೆ. 4ರಿಂದ ಶುರುವಾದರೆ "ಆಮೇಲೆ ಬಾ". ಪೋಸ್ಟ್‌ಫಿಕ್ಸ್ ತಾನಾಗಿಯೇ ಮತ್ತೆ ಮತ್ತೆ ಪ್ರಯತ್ನಿಸುತ್ತದೆ, ನೀವು ಸೆಟ್ಟಿಂಗ್ ಬದಲಿಸದಿದ್ದರೆ 5 ದಿನದವರೆಗೆ. 5ರಿಂದ ಶುರುವಾದರೆ "ಆಗಲ್ಲ". 5.1.1 ಬಂದರೆ ಆ ಹೆಸರಿನ ಮೇಲ್‌ಬಾಕ್ಸೇ ಇಲ್ಲ. ಹೆಚ್ಚಿನ ಸಲ ವಿಳಾಸದಲ್ಲಿ ಒಂದು ಅಕ್ಷರ ತಪ್ಪಿರುತ್ತದೆ.

ಇನ್ನೊಂದು ವಿಷಯ, ಸಮಯ. ಎಷ್ಟೋ ಸರ್ವರ್‌ಗಳ ಗಡಿಯಾರ ಯುಟಿಸಿಯಲ್ಲಿರುತ್ತದೆ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿನ ವಿಶ್ವ ಸಮಯ. ನಮ್ಮ ಸಂಜೆ 4:50 ಅಲ್ಲಿ ಬೆಳಿಗ್ಗೆ 11:20. ಇದು ಗೊತ್ತಿಲ್ಲದೆ "ಲಾಗ್‌ನಲ್ಲಿ ಮೇಲೇ ಇಲ್ಲ" ಅಂದವರನ್ನು ನೋಡಿದ್ದೇನೆ.

250 ಬಂತು, ಆದರೂ ಅವರು "ಬಂದಿಲ್ಲ" ಅಂತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಎಸ್‌ಎಂಟಿಪಿ (ಸರ್ವರ್‌ಗಳು ಮೇಲ್ ಕಳಿಸಿಕೊಳ್ಳುವ ಪದ್ಧತಿ) ನಿಯಮದ ಪ್ರಕಾರ, ಪೂರ್ತಿ ಮೇಲ್ ಪಡೆದು 250 ಹೇಳಿದ ಸರ್ವರ್ ಅದರ ಹೊಣೆ ಹೊರುತ್ತದೆ. ಆದರೆ ಇನ್‌ಬಾಕ್ಸ್‌ಗೆ ಹಾಕಿತಾ, ಸ್ಪ್ಯಾಮ್‌ಗೆ ತಳ್ಳಿತಾ ಅನ್ನುವುದು ನಮ್ಮ ಲಾಗ್‌ಗೆ ಕಾಣುವುದಿಲ್ಲ. ಅಂಚೆ ಕಚೇರಿ ಚೀಲ ಇಳಿಸಿಕೊಂಡಿದೆ, ಪೋಸ್ಟ್‌ಮ್ಯಾನ್ ಮನೆಗೆ ಬಂದನಾ ಅನ್ನುವುದು ಬೇರೆ ಮಾತು ಅಲ್ವಾ? ಮೊದಲು ಸ್ಪ್ಯಾಮ್ ಫೋಲ್ಡರ್ ನೋಡಲು ಹೇಳಿ. ಅಲ್ಲೂ ಇಲ್ಲವೆಂದರೆ ಸುಮ್ನೆ ವಾದ ಬೇಡ. ಆ 250ರ ಸಾಲನ್ನು ಸಮಯದ ಸಮೇತ ಅವರ ಅಡ್ಮಿನ್‌ಗೆ ಕಳಿಸಿ. ಅದರಲ್ಲಿ ಸಾಮಾನ್ಯವಾಗಿ ಅವರ ಕಡೆಯ ಐಡಿಯೂ ಇರುತ್ತದೆ, ಅದನ್ನು ಹಿಡಿದು ಅವರು ತಮ್ಮ ಲಾಗ್‌ನಲ್ಲಿ ಹುಡುಕುತ್ತಾರೆ.